ಸರ್ವರ್ ಮನೆಯಲ್ಲೋ, ಬಾಡಿಗೆಗೋ?

ನಮಸ್ಕಾರ. ವೆಬ್‌ಸೈಟೋ ಫೋಟೋನೋ ಇಟ್ಟುಕೊಂಡು ಕೇಳಿದವರಿಗೆ ಕೊಡುವ ಕಂಪ್ಯೂಟರ್, ಅಂದರೆ ಪುಟ್ಟ ಸರ್ವರನ್ನು ಮನೆಯಲ್ಲೇ ಇಡಬೇಕಾ, ಕ್ಲೌಡ್‌ನಲ್ಲಿ, ಅಂದರೆ ಬೇರೆ ಕಂಪನಿಯವರ ಕಂಪ್ಯೂಟರುಗಳಲ್ಲಿ, ಬಾಡಿಗೆಗೆ ಹಿಡಿಯಬೇಕಾ ಅಂತ ಕೇಳುವವರೆಲ್ಲ ಮೊದಲು ದುಡ್ಡಿನ ಲೆಕ್ಕ ತೆಗೆಯುತ್ತಾರೆ. ದುಡ್ಡು ಆಮೇಲೆ. ಅದನ್ನು ಬಳಸುವವರು ಯಾರು, ಅದನ್ನು ಹೇಳಿ. ಮನೆಯವರು ಮಾತ್ರವಾದರೆ ಮನೆಯಲ್ಲೇ ಇಡಿ. ಹೊರಗಿನವರಾದರೆ ಬಾಡಿಗೆಗೆ ಹಿಡಿಯಿರಿ.

ನನ್ನ ಗೆಳೆಯರೊಬ್ಬರು ತಮ್ಮ ವೆಬ್‌ಸೈಟನ್ನು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲಿ ಇಟ್ಟರು. ಮನೆಯೊಳಗೆ ಚೆನ್ನಾಗಿ ತೆರೆಯುತ್ತದೆ. ಹೊರಗಿನವರಿಗೆ ಏನೂ ಕಾಣುವುದಿಲ್ಲ. ಹೊರಗಿನಿಂದ ಬಂದವರನ್ನು ಪೈಗೆ ಕಳಿಸು ಅಂತ ರೂಟರಿಗೆ ಹೇಳುವ ಪೋರ್ಟ್ ಫಾರ್ವರ್ಡಿಂಗ್ ಮಾಡಿದರು, ಅಳಿಸಿ ಮತ್ತೆ ಮಾಡಿದರು. ಹೊರಗಿನವರನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿದರು. ಹೊಸ ರೂಟರನ್ನೇ ತಂದರು! ಊಹೂಂ. ಕೊನೆಗೆ ನನ್ನನ್ನು ಕರೆದರು. ರೂಟರಿನ ಸ್ಟೇಟಸ್ ಪುಟ ತೆರೆಸಿದೆ. ಅಲ್ಲಿದ್ದ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಕಂಪನಿ ಆ ರೂಟರಿಗೆ ಕೊಟ್ಟ ನಂಬರ್, 100.72 ಅಂತ ಶುರುವಾಗಿತ್ತು. ಅಲ್ಲಿಗೆ ಗೊತ್ತಾಯಿತು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಅಂತ 2012ರಲ್ಲೇ ಎತ್ತಿಟ್ಟಿದ್ದಾರೆ. ಹಳೆಯ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಎಲ್ಲರಿಗೂ ಸಾಲುವುದಿಲ್ಲ. ಅದಕ್ಕೇ ಕಂಪನಿಯವರು ಎಷ್ಟೋ ಮನೆಗಳನ್ನು ಸೇರಿಸಿ ಹೊರಗಡೆಗೆ ಒಂದೇ ವಿಳಾಸ ಕೊಡುತ್ತಾರೆ. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಒಳಗಿನವರು ಹೊರಗೆ ಹೋಗಬಹುದು. ಹೊರಗಿನಿಂದ ಬಂದವರಿಗೆ ಯಾವ ಮನೆ ಅಂತ ತಿಳಿಯುವುದಿಲ್ಲ. ಎಷ್ಟು ರೂಟರ್ ತಂದರೇನು!

ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ಬದಲಾಗದ ವಿಳಾಸ, ಕೇಳಿದರೆ ಕೆಲವು ಕಂಪನಿಗಳು ಕೊಡುತ್ತವೆ. ಪೈನಿಂದ ಹೊರಗಿನ ಸರ್ವರೊಂದಕ್ಕೆ ಟನಲ್, ಅಂದರೆ ಸುರಂಗದಂಥ ದಾರಿ, ಹಾಕಿಕೊಳ್ಳುತ್ತೇನೆ ಅಂತ ಗೆಳೆಯರು ಹಟ ಹಿಡಿದರು. ಸರಿ, ಆದರೆ ಟನಲಿನ ಆ ತುದಿಯಲ್ಲಿರುವುದೂ ಬೇರೆಯವರ ಸರ್ವರೇ ಅಲ್ವಾ? ಆಮೇಲೆ ಸಣ್ಣದೊಂದು ವಿಪಿಎಸ್, ಅಂದರೆ ಕ್ಲೌಡ್‌ನ ಬಾಡಿಗೆ ಸರ್ವರ್, ತೆಗೆದುಕೊಂಡರು, ವೆಬ್‌ಸೈಟ್ ಎಲ್ಲರಿಗೂ ತೆರೆಯಿತು. ಪೈ ಈಗ ಮನೆಯವರ ಫೋಟೋ ನೋಡಿಕೊಳ್ಳುತ್ತಿದೆ. ಅದಕ್ಕೆ ಸರಿಯಾದ ಕೆಲಸ ಅದೇ.

ಕತೆ ಉದ್ದವಾಯಿತು, ಇಲ್ಲಿ ಗಡಿಯಾರ ತೋರಿಸುತ್ತಿದ್ದಾರೆ. ಕರೆಂಟಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. 5 ವಾಟ್ ಎಳೆಯುವ ಪೈನಂಥ ಬೋರ್ಡ್ ತಿಂಗಳಿಡೀ ಓಡಿದರೂ 4 ಯೂನಿಟ್ ಆಗುವುದಿಲ್ಲ. 60 ವಾಟ್ ಎಳೆಯುವ ಹಳೇ ಡೆಸ್ಕ್‌ಟಾಪ್ ಆದರೆ 43 ಯೂನಿಟ್. ಕ್ಲೌಡ್‌ನಲ್ಲಿ ಡೇಟಾ ಒಳಗೆ ಹಾಕುವುದು ಸಾಮಾನ್ಯವಾಗಿ ಪುಕ್ಕಟೆ, ಹೊರಗೆ ತೆಗೆಯುವಾಗ ಮೀಟರ್ ಓಡುತ್ತದೆ. ರಾಶಿ ರಾಶಿ ವಿಡಿಯೋ, ನೋಡುವವರು ನೀವೇ ಅಂದಮೇಲೆ ಅಲ್ಲಿ ಯಾಕೆ ಇಡುತ್ತೀರಿ?

ಇಮೇಲ್ ಸರ್ವರ್ ಮನೆಯಲ್ಲಿಡುತ್ತೇನೆ ಅನ್ನುವವರಿಗೆ ಒಂದೇ ಮಾತು: ಬೇಡ. ಮನೆ ಕನೆಕ್ಷನ್ನಿನಿಂದ ಹೊರಟ ಮೇಲನ್ನು ಎಷ್ಟೋ ಕಡೆ ಸ್ಪ್ಯಾಮ್ ಅಂತ ತಳ್ಳುತ್ತಾರೆ. ಅದನ್ನು ಓದುವವರು ಯಾರು? ಹೊರಗಿನವರು. ಹಾಗಾದರೆ ಬಾಡಿಗೆಗೇ.

ಇನ್ನು ಬ್ಯಾಕಪ್. ಮನೆಯಲ್ಲಿರುವುದಕ್ಕೆ ಹೊರಗೊಂದು ಪ್ರತಿ, ಹೊರಗಿರುವುದಕ್ಕೆ ಮನೆಯಲ್ಲೊಂದು ಪ್ರತಿ ಇಡಿ. ಈ ಭಾನುವಾರವೇ ಮಾಡಿ. ನಮಸ್ಕಾರ.