ಕೊನೆಯ ಎರಡು ಮೀಟರ್

ಕೇಳುಗರಿಗೆಲ್ಲ ನಮಸ್ಕಾರ.

ಗಸ್ತು ತಿರುಗುವ, ನೀರಿಗೆ ಬಿದ್ದವರನ್ನು ಎತ್ತಿ ತರುವ ಸಣ್ಣ ಬೋಟನ್ನು ನೀವು ನೋಡಿರಬಹುದು. ಕಿತ್ತಳೆ ಬಣ್ಣ, ಸುತ್ತಲೂ ದಪ್ಪ ಟ್ಯೂಬು, ಹಿಂದೆ ಎರಡು ಇಂಜಿನ್. ಅದು ನೀರು ಸೀಳಿಕೊಂಡು ಹೊರಟಾಗ ದಡದಲ್ಲಿ ನಿಂತವರು ಕೇಳೋದು ಒಂದೇ ಪ್ರಶ್ನೆ. ಎಷ್ಟು ಸ್ಪೀಡ್ ಹೋಗುತ್ತೆ?

ಇಂಥ ಬೋಟುಗಳ ಇಂಜಿನ್, ವೈರಿಂಗ್ ಅಂತ ವರ್ಷಗಟ್ಟಲೆ ಕೈ ಮಸಿ ಮಾಡಿಕೊಂಡವನು ನಾನು. ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ. 30 ನಾಟ್ ಅಂತ ಇಟ್ಟುಕೊಳ್ಳಿ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಹಾಗಾಗಿ 30 ನಾಟ್ ಅಂದರೆ ಸುಮಾರು 55 ಕಿಲೋಮೀಟರ್. ಅಷ್ಟೇನಾ ಅನ್ನಿಸಬಹುದು. ರಸ್ತೆಯಲ್ಲಿ ಅಷ್ಟೇ. ಅಲೆಯ ಮೇಲೆ ಅದೇ ವೇಗದಲ್ಲಿ ಹೋದರೆ ಪ್ರತಿ ಅಲೆಯೂ ಸೊಂಟಕ್ಕೆ ಒಂದು ಗುದ್ದು. ಅದಕ್ಕೇ ಒಳ್ಳೆಯ ಬೋಟುಗಳಲ್ಲಿ ಸೀಟಿನ ಕೆಳಗೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇರುತ್ತದೆ.

ಆದರೆ ನನ್ನನ್ನು ಕೇಳಿದರೆ, ಬೋಟಿನ ಯೋಗ್ಯತೆ ಗೊತ್ತಾಗೋದು ಸ್ಪೀಡಿನಲ್ಲಲ್ಲ. ನೀರಿನಲ್ಲಿರುವ ಮನುಷ್ಯನ ಪಕ್ಕಕ್ಕೆ ಬಂದು ನಿಲ್ಲುವಾಗ. ಆ ಕೊನೆಯ ಎರಡು ಮೀಟರಿನಲ್ಲಿ.

ಮೊದಲು ಮೈಕಟ್ಟು ನೋಡೋಣ. ಕೆಳಗೆ ಗಟ್ಟಿ ತಳ, ಮೇಲೆ ಗಾಳಿ ತುಂಬಿದ ಟ್ಯೂಬು. ಈ ಜೋಡಿ ಹುಟ್ಟಿದ್ದು 1960ರ ದಶಕದಲ್ಲಿ, ವೇಲ್ಸ್‌ನ ಅಟ್ಲಾಂಟಿಕ್ ಕಾಲೇಜಿನಲ್ಲಿ. ಬರೀ ರಬ್ಬರಿನ ಬೋಟುಗಳನ್ನು ಕಲ್ಲು, ಮರಳಿನ ಮೇಲೆ ಎಳೆದು ಎಳೆದು ತಳ ಸವೆದು ಹೋಗುತ್ತಿತ್ತು. ಅಲ್ಲಿನ ಮುಖ್ಯಸ್ಥ, ನಿವೃತ್ತ ನೌಕಾಧಿಕಾರಿ ಡೆಸ್ಮಂಡ್ ಹೋರ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪ್ಲೈವುಡ್ಡಿನ ತಳ ಅಂಟಿಸಿ ನೋಡಿದರು. ಒಂದು ಬೋಟಲ್ಲ, ಒಂದಾದ ಮೇಲೆ ಒಂದು ಮಾಡಿ ತಿದ್ದಿದರು. ಆಮೇಲೆ ಅದರ ಪೇಟೆಂಟನ್ನು ಬ್ರಿಟನ್ನಿನ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐಗೆ ಬಿಟ್ಟುಕೊಟ್ಟರು. ಬೆಲೆ ಒಂದು ಪೌಂಡ್! ಆ ಸಂಸ್ಥೆಯ ಅಟ್ಲಾಂಟಿಕ್ 21 ಅನ್ನುವ ಬೋಟು 1972ರಲ್ಲಿ ಕೆಲಸಕ್ಕಿಳಿಯಿತು. ಇವತ್ತು ನೀವು ನೋಡುವ ಈ ಜಾತಿಯ ಬೋಟುಗಳೆಲ್ಲ ಅದರ ವಂಶದವೇ.

ತಳ ಚಪ್ಪಟೆ ಇರುವುದಿಲ್ಲ. ವಿ ಅಕ್ಷರದ ಹಾಗೆ ಚೂಪಾಗಿರುತ್ತದೆ. ಚಪ್ಪಟೆ ತಳ ಅಲೆಯನ್ನು ಹೊಡೆಯುತ್ತದೆ, ಚೂಪು ತಳ ಕತ್ತರಿಸುತ್ತದೆ. ಆದರೆ ಚೂಪು ತಳ ನಿಂತಾಗ ಅತ್ತಿತ್ತ ಹೊರಳುತ್ತದೆ. ಆಗ ಟ್ಯೂಬು ನೀರಿಗೆ ತಾಗಿ ತಡೆಯುತ್ತದೆ. ಇಬ್ಬರು ಒಂದೇ ಕಡೆ ಬಗ್ಗಿ ಒಬ್ಬನನ್ನು ಎಳೆಯುವಾಗಲೂ ಬೋಟು ಮಗುಚದೆ ಇರೋದು ಇದರಿಂದ. ಅಕಸ್ಮಾತ್ ಬೋಟೇ ಹೋಗಿ ಆ ಮನುಷ್ಯನಿಗೆ ತಗುಲಿದರೂ ತಾಗೋದು ಗಾಳಿ ತುಂಬಿದ ಟ್ಯೂಬು, ಕಬ್ಬಿಣದ ಅಂಚಲ್ಲ.

ಟ್ಯೂಬು ಒಳಗಡೆ ಒಂದೇ ಉದ್ದ ಕೊಳವೆ ಅಲ್ಲ. ನಡುನಡುವೆ ಅಡ್ಡಗೋಡೆ ಹಾಕಿ ಕೋಣೆ ಮಾಡಿರುತ್ತಾರೆ. ಒಂದು ಹರಿದರೆ ಉಳಿದವು ಹೊರುತ್ತವೆ. ಒಂದು ಸಣ್ಣ ವಿಷಯ ಹೇಳುತ್ತೇನೆ. ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಬೋಟಿನ ಟ್ಯೂಬನ್ನು ಬೆರಳಿಂದ ತಟ್ಟಿ ನೋಡಿ, ತಮಟೆಯ ಹಾಗೆ ಬಿಗಿಯಾಗಿರುತ್ತದೆ. ಗಾಳಿ ಸರಿಯಿದೆ ಅಂತ ಹೊರಟರೆ ಕೆಟ್ಟಿರಿ. ತಣ್ಣೀರಿಗೆ ಇಳಿಸಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಟ್ಯೂಬು ಸಡಿಲವಾಗುತ್ತದೆ. ಹಾಗಾಗಿ ನೀರಿಗಿಳಿಸಿದ ಮೇಲೆ ಇನ್ನೊಮ್ಮೆ ಒತ್ತಿ ನೋಡಲೇಬೇಕು.

ಹಡಗಿನ ಮೇಲೆ ತೂಗುಹಾಕಿಕೊಂಡು ಹೋಗುವ ಬೋಟುಗಳಿಗೆ ಅಂತರರಾಷ್ಟ್ರೀಯ ನಿಯಮವೇ ಇದೆ. 1994ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ಅನ್ನುವ ಪ್ರಯಾಣಿಕರ ಹಡಗು ಮುಳುಗಿ 852 ಜನ ಸತ್ತರು. ಅದಾದ ಮೇಲೆ, ವಾಹನಗಳನ್ನೂ ಜನರನ್ನೂ ಒಟ್ಟಿಗೆ ಒಯ್ಯುವ ಅಂಥ ಹಡಗುಗಳಲ್ಲಿ ವೇಗದ ರಕ್ಷಣಾ ಬೋಟು ಕಡ್ಡಾಯವಾಯಿತು. ಉದ್ದ 6ರಿಂದ 8.5 ಮೀಟರ್ ಇರಬೇಕು. ಶಾಂತ ನೀರಿನಲ್ಲಿ ಮೂವರು ಸಿಬ್ಬಂದಿಯನ್ನು ಹೊತ್ತು 20 ನಾಟ್ ವೇಗದಲ್ಲಿ 4 ಗಂಟೆ ಓಡಬೇಕು. ಐವರು ಕೂರಲು ಜಾಗ ಬೇಕು. ಜೊತೆಗೆ ಒಬ್ಬರನ್ನು ಸ್ಟ್ರೆಚರ್ ಮೇಲೆ ಮಲಗಿಸಲು ಜಾಗ ಬೇಕು. ಈ ಮಲಗಿಸುವ ಜಾಗ ಯಾಕೆ ಅಂತ ಆಮೇಲೆ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ.

ಇಂಜಿನ್ ವಿಷಯಕ್ಕೆ ಬರೋಣ. ಎರಡು ಇಂಜಿನ್ ಇರೋದು ಜಾಸ್ತಿ ಓಡಲಿ ಅಂತ ಮಾತ್ರವಲ್ಲ, ಒಂದು ಕೈ ಕೊಟ್ಟರೆ ಇನ್ನೊಂದರಲ್ಲಿ ವಾಪಸ್ ಬರಲಿ ಅಂತ. ಹಾಗಿದ್ದ ಮೇಲೆ ಎರಡಕ್ಕೂ ಬೇರೆ ಬೇರೆ ಡೀಸೆಲ್ ಅಥವಾ ಪೆಟ್ರೋಲ್ ಲೈನ್, ಬೇರೆ ಫಿಲ್ಟರ್, ಬೇರೆ ಬ್ಯಾಟರಿ ಇರಬೇಕು ಅಲ್ವಾ? ಒಂದೇ ಟ್ಯಾಂಕಿಗೆ ಎರಡನ್ನೂ ಸೇರಿಸಿ, ಆ ಟ್ಯಾಂಕಿಗೆ ನೀರು ಹೊಕ್ಕರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಫಿಲ್ಟರಿನ ಕೆಳಗೆ ಒಂದು ಪಾರದರ್ಶಕ ಬಟ್ಟಲು ಇರುತ್ತದೆ. ನೀರು ಭಾರ, ಅದು ಕೆಳಗೆ ಕೂರುತ್ತದೆ. ಎಣ್ಣೆ ಮೇಲೆ ನಿಲ್ಲುತ್ತದೆ. ನಡುವೆ ಒಂದು ಗೆರೆ ಕಾಣುತ್ತದೆ. ದಿನಾ ಬೆಳಿಗ್ಗೆ ಟಾರ್ಚ್ ಹಿಡಿದು ಆ ಗೆರೆ ಇದೆಯಾ ಅಂತ ನೋಡೋದು, ಇದ್ದರೆ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡೋದು. ಎರಡು ನಿಮಿಷದ ಕೆಲಸ.

ಫ್ಯಾನಾ, ಜೆಟ್ಟಾ ಅನ್ನೋದು ಹಳೆಯ ಜಗಳ. ಫ್ಯಾನ್ ಅಂದರೆ ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್. ಜೆಟ್ ಅಂದರೆ ತಳದಿಂದ ನೀರು ಎಳೆದು ಹಿಂದಕ್ಕೆ ಜೋರಾಗಿ ಚಿಮ್ಮಿಸುವ ಪಂಪು. ಅದನ್ನು ಬಳಕೆಗೆ ಬರುವ ಹಾಗೆ ಪಳಗಿಸಿದವರು ನ್ಯೂಜಿಲ್ಯಾಂಡಿನ ಬಿಲ್ ಹ್ಯಾಮಿಲ್ಟನ್, 1950ರ ದಶಕದಲ್ಲಿ. ಅಲ್ಲಿನ ಆಳವಿಲ್ಲದ ಹೊಳೆಗಳಲ್ಲಿ ಫ್ಯಾನ್ ಕಲ್ಲಿಗೆ ತಾಗಿ ಮುರಿಯುತ್ತಿತ್ತು, ಅದಕ್ಕೆ. ರಕ್ಷಣೆಗೆ ಜೆಟ್ಟಿನ ದೊಡ್ಡ ಗುಣ ಅಂದರೆ ಹೊರಗೆ ತಿರುಗುವ ಅಲಗು ಇಲ್ಲ, ಪಕ್ಕದಲ್ಲಿರುವವನ ಕಾಲು ಕತ್ತರಿಸುವುದಿಲ್ಲ. ಆದರೆ ಅದು ಪ್ಲಾಸ್ಟಿಕ್ಕು, ಹಗ್ಗ, ಜೊಂಡು ಎಲ್ಲವನ್ನೂ ಹೀರಿಕೊಂಡು ಕಟ್ಟಿಕೊಳ್ಳುತ್ತದೆ. ನೀರು ಚಿಮ್ಮಿಸೋದು ನಿಂತರೆ ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ನನ್ನ ಮತ? ಪ್ರವಾಹದ ನೀರು, ಆಳವಿಲ್ಲದ ಕಡೆ ಜೆಟ್. ತೆರೆದ ಸಮುದ್ರಕ್ಕೆ ಎರಡು ಫ್ಯಾನ್. ಆದರೆ ಆ ಕೊನೆಯ ಎರಡು ಮೀಟರಿಗೆ ಬಂದಾಗ ಫ್ಯಾನ್ ನಿಂತಿರಲೇಬೇಕು, ಅದರಲ್ಲಿ ರಾಜಿ ಇಲ್ಲ.

ಚಾಲಕನ ತೊಡೆಗೆ ಸುತ್ತಿಕೊಂಡ ಸುರುಳಿ ದಾರ ನೋಡಿದ್ದೀರಾ? ಕೆಂಪು ಬಣ್ಣದ್ದು, ಟೆಲಿಫೋನ್ ವೈರಿನ ಹಾಗೆ. ಅದರ ಇನ್ನೊಂದು ತುದಿ ಇಂಜಿನ್ ಸ್ವಿಚ್ಚಿಗೆ. ಅವನು ಎಗರಿ ಬಿದ್ದರೆ ದಾರ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಚಾಲಕನಿಲ್ಲದ ಬೋಟು ಸುತ್ತು ಹೊಡೆದು ಬಿದ್ದವನ ಮೇಲೆಯೇ ಬರಬಹುದು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟುಗಳಿಗೆ 2021ರ ಏಪ್ರಿಲ್‌ನಿಂದ ಇದರ ಬಳಕೆ ಕಾನೂನು. ಈಗ ಯೋಚಿಸಿ, ದಾರ ಕಿತ್ತುಕೊಂಡು ಚಾಲಕ ನೀರಿನಲ್ಲಿದ್ದಾನೆ. ಬೋಟಿನಲ್ಲಿ ಉಳಿದವರು ಇಂಜಿನ್ ಮತ್ತೆ ಚಾಲೂ ಮಾಡೋದು ಹೇಗೆ? ದಾರ ಅವನ ಕಾಲಲ್ಲೇ ಹೋಯಿತಲ್ಲ! ಅದಕ್ಕೆ ಬೋಟಿನಲ್ಲಿ ಇನ್ನೊಂದು ದಾರ ಇರಬೇಕು, ಅದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಬೇಕು.

ಬೋಟೇ ತಲೆಕೆಳಗಾದರೆ? ಹಿಂಭಾಗದಲ್ಲಿ ಕಮಾನಿನ ಹಾಗೆ ಒಂದು ಪೈಪಿನ ಚೌಕಟ್ಟು ಇರುತ್ತದಲ್ಲ, ಅದರ ಮೇಲೆ ಮಡಿಸಿಟ್ಟ ಒಂದು ಚೀಲ ಇರುತ್ತದೆ. ಸಿಬ್ಬಂದಿ ಎಲ್ಲರೂ ಹೊರಗೆ ಬಂದಿದ್ದಾರಾ ಅಂತ ಮೊದಲು ತಲೆ ಎಣಿಸಬೇಕು. ಆಮೇಲೆ ಬೋಟಿನ ಹಿಂದೆ ಸೇರಿ ಹಿಡಿಕೆ ಎಳೆಯಬೇಕು. ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಚೀಲಕ್ಕೆ ನುಗ್ಗುತ್ತದೆ, ಚೀಲ ಉಬ್ಬುತ್ತದೆ, ಬೋಟು ತಾನಾಗಿ ಮಗ್ಗುಲಾಗಿ ಎದ್ದು ಕೂರುತ್ತದೆ. ಮಗುಚಿದಾಗ ನೀರು ಹೋಗದ ಹಾಗೆ ಸಜ್ಜು ಮಾಡಿದ ಇಂಜಿನ್ ಆದರೆ ಮತ್ತೆ ಚಾಲೂ ಆಗುತ್ತದೆ.

ಒಳಗೆ ಬಂದ ನೀರು ಹೊರಗೆ ಹೋಗಲು ಹಿಂದೆ ರಬ್ಬರಿನ ನಾಲಿಗೆ ಇರುವ ತೂತುಗಳಿರುತ್ತವೆ. ಬೋಟು ಓಡುವಾಗ ನೀರು ತಾನೇ ಸೋರಿ ಹೋಗುತ್ತದೆ. ತಳದ ಪಂಪಿಗೆ ಒಂದು ತೇಲುಬುರುಡೆ ಇದೆ, ನೀರೇರಿದರೆ ಪಂಪು ಚಾಲೂ. ಅದರ ವೈರನ್ನು ಮುಖ್ಯ ಸ್ವಿಚ್ ದಾಟಿಸಿ, ಮಧ್ಯೆ ಒಂದು ಫ್ಯೂಸ್ ಹಾಕಿ ನೇರ ಬ್ಯಾಟರಿಗೇ ಕೊಡಬೇಕು. ರಾತ್ರಿ ಎಲ್ಲ ಆರಿಸಿ ಮನೆಗೆ ಹೋದ ಮೇಲೂ ಪಂಪು ಎಚ್ಚರವಾಗಿರಬೇಕಲ್ಲ. ಇನ್ನು ವೈರಿನ ತುದಿಗಳು! ಉಪ್ಪುನೀರಿನಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ವೈರು ಚೆನ್ನಾಗಿಯೇ ಇರುತ್ತದೆ, ಸುಲಿದರೆ ಒಳಗೆ ಪುಡಿ. ಬೋಟು ರಿಪೇರಿಯಲ್ಲಿ ನನ್ನ ಅರ್ಧ ಆಯಸ್ಸು ಈ ಕಿಲುಬಿಗೇ ಹೋಗಿದೆ.

ಒಂದು ಸಲ ನಾನೇ ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ರೇಡಿಯೋ ಸರಿಯಾಗಿ ಕೇಳಿಸ್ತಿಲ್ಲ ಅಂದರು. ದೊಡ್ಡ ಸ್ಪೀಕರ್ ತಂದು ಚಾಲಕನ ಮುಂದೆ ಅಚ್ಚುಕಟ್ಟಾಗಿ ಕೂರಿಸಿದೆ. ಮಾತು ಗಂಟೆ ಹೊಡೆದ ಹಾಗೆ ಕೇಳಿಸಿತು, ಎಲ್ಲರೂ ಖುಷಿ. ಮಾರನೆಯ ದಿನ ಮಂಜಿನಲ್ಲಿ ಹೋದವರು ಎತ್ತಲೋ ಹೋಗಿ ಸುತ್ತಿ ಬಂದರು. ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದೆ, ಗೇಣುದ್ದ ಪಕ್ಕದಲ್ಲೇ ದಿಕ್ಸೂಚಿ! ಜಿಪಿಎಸ್ ನೋಡಿ ವಾಪಸ್ ಬಂದರು, ಬೈಗುಳ ನನಗೆ ಬಂತು.

ರೇಡಿಯೋ ಅಂದೆ. ಬೋಟು, ಹಡಗುಗಳಲ್ಲಿ ಮಾತಿಗೆ ಇರೋದು ವಿಎಚ್‌ಎಫ್ ರೇಡಿಯೋ. ಅದರ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್. ಆಪತ್ತಿನ ಕರೆಗೆ ಎಲ್ಲರೂ ಕಿವಿಗೊಡುವ ಜಾಗ. ಮೊಬೈಲಿನಲ್ಲಿ ಒಬ್ಬರಿಗೆ ಮಾತ್ರ ಹೇಳುತ್ತೀರಿ, ಇದರಲ್ಲಿ ಹೇಳಿದರೆ ಸುತ್ತಲಿನ ಬೋಟುಗಳೆಲ್ಲ ಕೇಳುತ್ತವೆ. ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿ ಇದೆ. ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಬೋಟಿನ ಒಂಬತ್ತು ಅಂಕಿಯ ಗುರುತು ಸಂಖ್ಯೆ ಹೋಗುತ್ತದೆ, ಜಿಪಿಎಸ್ ಜೋಡಿಸಿದ್ದರೆ ಬೋಟು ಎಲ್ಲಿದೆ ಅನ್ನೋದೂ ಹೋಗುತ್ತದೆ. ಜೋಡಿಸಿದ್ದರೆ! ಎಷ್ಟೋ ಬೋಟುಗಳಲ್ಲಿ ಆ ಎರಡು ವೈರು ಸೇರಿಸಿರೋದೇ ಇಲ್ಲ.

ಈಗ ಹುಡುಕಾಟ. ರಾಡಾರ್ ಇದೆಯಲ್ಲ ಅನ್ನುತ್ತಾರೆ. ರಾಡಾರಿಗೆ ಹಡಗು ಕಾಣುತ್ತದೆ, ಅಲೆಗಳ ನಡುವಿನ ತಲೆ ಕಾಣುವುದಿಲ್ಲ. ತಲೆ ಅಂದರೆ ನೀರಿನ ಮೇಲೆ ತೇಲುವ ಒಂದು ತೆಂಗಿನಕಾಯಿ, ಅಷ್ಟೇ. ಬಿದ್ದವರ ಹತ್ತಿರ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್, ಅಂದರೆ ಆಪತ್ತಿನ ಸಂಕೇತ ಕಳಿಸುವ ಸಣ್ಣ ಪೆಟ್ಟಿಗೆ, ಇದ್ದರೆ ಪುಣ್ಯ, ಉಪಗ್ರಹದ ಮೂಲಕ ಜಾಗ ಗೊತ್ತಾಗುತ್ತದೆ. ಅದೇ ಬೀಕನ್ 121.5 ಮೆಗಾಹರ್ಟ್ಸ್‌ನಲ್ಲೂ ಕೂಗುತ್ತಿರುತ್ತದೆ. ದಿಕ್ಕು ಹಿಡಿಯುವ ಉಪಕರಣ ಬೋಟಿನಲ್ಲಿದ್ದರೆ ಆ ಕೂಗಿನ ಬೆನ್ನು ಹತ್ತಿ ಹೋಗಬಹುದು. ರಾತ್ರಿ ಶಾಖದ ಕ್ಯಾಮೆರಾ ಬಹಳ ಕೆಲಸಕ್ಕೆ ಬರುತ್ತದೆ. ತಣ್ಣನೆಯ ಕಪ್ಪು ನೀರಿನ ಮೇಲೆ ಬೆಚ್ಚಗಿನ ತಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ನೀರಿನ ಕೆಳಗೆ ಒಂದು ಬೆರಳಷ್ಟು ಮುಳುಗಿದರೂ ಮಾಯ.

ಜಿಪಿಎಸ್‌ನಲ್ಲಿ ಆಳು ಬಿದ್ದ ಅಂತ ಒತ್ತುವ ಗುಂಡಿ ಇದೆ. ಅದು ಗುರುತು ಹಾಕೋದು ಬಿದ್ದ ಜಾಗಕ್ಕೆ. ಮನುಷ್ಯ ಅಲ್ಲೇ ಇರುವುದಿಲ್ಲ, ಸೆಳವಿಗೆ, ಗಾಳಿಗೆ ಸರಿಯುತ್ತಿರುತ್ತಾನೆ. ಹಾಗಾಗಿ ಆ ಗುರುತಿನಿಂದ ಶುರು ಮಾಡಿ, ಸರಿದ ಲೆಕ್ಕ ಸೇರಿಸಿ, ಚೌಕವನ್ನು ದೊಡ್ಡದು ಮಾಡುತ್ತಾ ಹುಡುಕುತ್ತಾರೆ. ನಡುನಡುವೆ ಇಂಜಿನ್ ಪೂರ್ತಿ ಆರಿಸಿ ಸುಮ್ನೆ ನಿಲ್ಲುತ್ತಾರೆ. ಲೈಫ್ ಜಾಕೆಟ್ಟಿನ ಸೀಟಿ ಕೇಳಿಸುತ್ತಾ ಅಂತ.

ಸಿಕ್ಕಿದ. ಈಗ ಕೊನೆಯ ಎರಡು ಮೀಟರ್. ಎದ್ದೆನೋ ಬಿದ್ದೆನೋ ಅಂತ ಬಂದ ಬೋಟು ಈಗ ಗಾಳಿಗೆ ಮೂತಿ ಕೊಟ್ಟು ಆಮೆಯ ಹಾಗೆ ಬರಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ. ಕೊರೆಯುವ ನೀರಿನಲ್ಲಿ ಬಿದ್ದವನಿಗೆ ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ತರೋದೇ ಹೋರಾಟ. ಆಮೇಲೆ ಸುಮಾರು ಹತ್ತು ನಿಮಿಷ ಕೈ ಕಾಲು ಮಾತು ಕೇಳುತ್ತವೆ. ಪ್ರಜ್ಞೆ ಇನ್ನೂ ಒಂದು ಗಂಟೆ ಉಳಿಯಬಹುದು, ಬೆರಳು ಮಾತ್ರ ಮಡಚುವುದಿಲ್ಲ. ಹಗ್ಗ ಎಸೆದು "ಹಿಡ್ಕೊಳ್ಳಿ" ಅಂತ ಕೂಗಿದರೆ ಅವನು ಹಗ್ಗವನ್ನೇ ನೋಡುತ್ತಿರುತ್ತಾನೆ, ಹಿಡಿಯಲಾರ.

ಅದಕ್ಕೇ ಬೋಟಿನ ಪಕ್ಕ ನೀರಿನ ಮಟ್ಟಕ್ಕೆ ತಗ್ಗಾಗಿರಬೇಕು, ಇಲ್ಲವೇ ಒಂದು ಬಾಗಿಲಿರಬೇಕು. ತುಂಬ ಹೊತ್ತು ನೀರಿನಲ್ಲಿದ್ದವನನ್ನು ಕಂಕುಳಿಗೆ ಕೈ ಹಾಕಿ ನೆಟ್ಟಗೆ ಎತ್ತಬಾರದು. ಅಲ್ಲಿಯವರೆಗೆ ನೀರಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳಿ ಹಿಡಿದಿರುತ್ತದೆ. ನೆಟ್ಟಗೆ ಎತ್ತಿದರೆ ರಕ್ತ ಕಾಲಿಗೆ ಇಳಿದು, ಬೋಟಿಗೆ ಬಂದ ಮೇಲೆ ಹೃದಯ ನಿಂತೇ ಹೋಗಬಹುದು. ಹಾಗಾಗಿ ಪಕ್ಕದಲ್ಲಿ ಒಂದು ಬಲೆ ಇಳಿಬಿಡುತ್ತಾರೆ. ಒಂದಂಚು ಬೋಟಿಗೆ ಕಟ್ಟಿರುತ್ತದೆ, ಅವನು ಬಲೆಯೊಳಗೆ ಮಲಗಿದ ಹಾಗೆ ಬರುತ್ತಾನೆ, ಇನ್ನೊಂದಂಚನ್ನು ಎಳೆದರೆ ಚಾಪೆ ಸುತ್ತಿದ ಹಾಗೆ ಉರುಳಿ ಒಳಗೆ. ಮಲಗಿಸಿಯೇ ಎತ್ತಿ ಮಲಗಿಸಿಯೇ ಒಯ್ಯಬೇಕು. ಆ ಸ್ಟ್ರೆಚರಿನ ಜಾಗ ಇದಕ್ಕೆ.

ದಡಕ್ಕೆ ಬಂದು ಅವನನ್ನು ಇಳಿಸಿಕೊಟ್ಟ ಮೇಲೆ ನಮ್ಮಂಥವರ ಸರದಿ. ಇಂಜಿನ್ನಿಗೆ ಸಿಹಿನೀರಿನ ಪೈಪು ಹಚ್ಚಿ ಉಪ್ಪು ತೊಳೆಯೋದು. ಲೋಹಕ್ಕೆ ಹಾಕಿದ ಸತುವಿನ ತುಂಡು ಎಷ್ಟು ಕರಗಿದೆ ಅಂತ ನೋಡೋದು. ಅದು ಕರಗಲೆಂದೇ ಇಟ್ಟಿದ್ದು, ಅದರ ಬದಲು ಇಂಜಿನ್ ಕರಗಬಾರದಲ್ಲ. ಟ್ಯಾಂಕ್ ತುಂಬಿಸೋದು, ಬಲೆ ಒಣಗಿಸಿ ಮಡಿಸೋದು, ಎರಡೂ ಕೆಂಪು ದಾರ ಅದರದರ ಜಾಗದಲ್ಲಿವೆಯಾ ಅಂತ ಮುಟ್ಟಿ ನೋಡೋದು. ಅಷ್ಟಾದ ಮೇಲೆಯೇ ರೇಡಿಯೋದಲ್ಲಿ, ಬೋಟು ಸಿದ್ಧ ಅಂತ ಹೇಳಬಹುದು.

ನಮಸ್ಕಾರ.