ಹಾಡು ಕೇಳುವ ಚೀಟಿ

ಆಕಾಶವಾಣಿ ಮಂಗಳೂರು ಕೇಂದ್ರದ ಆತ್ಮೀಯ ಕೇಳುಗರಿಗೆ ನಮಸ್ಕಾರ.

ಮಳೆ ಹಿಂದೆ ಸರಿದು, ದೀಪಾವಳಿ ಕಳೆದು, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ನಮ್ಮ ಮಂಗಳೂರು, ಉಡುಪಿ, ಮಣಿಪಾಲಗಳ ಮೈದಾನಗಳಲ್ಲಿ ಇನ್ನೊಂದು ಸುಗ್ಗಿಯೂ ಆರಂಭವಾಗುತ್ತದೆ. ಕಾಲೇಜಿನ ವಾರ್ಷಿಕೋತ್ಸವಗಳಿಗೂ ಕಡಲತೀರದ ಉತ್ಸವಗಳಿಗೂ ಗಿಟಾರ್ ಹಿಡಿದ ಗಾಯಕರು ಬರುತ್ತಾರೆ. ಅವರು ತಾವೇ ಬರೆದು ತಾವೇ ರಾಗ ಹಾಕಿದ ಹಾಡುಗಳ ಜೊತೆಗೆ ಜನಪದ ಗೀತೆಗಳನ್ನೂ ತತ್ವಪದಗಳನ್ನೂ ಡ್ರಮ್ಸ್ ಮತ್ತು ವಯಲಿನ್ನಿನ ಹಿಮ್ಮೇಳದಲ್ಲಿ ಹಾಡುತ್ತಾರೆ. ಈ ಬಗೆಯ ಸಂಗೀತಕ್ಕೆ ಫೋಕ್ ರಾಕ್ ಎಂದು ಹೆಸರು. ಇಂಥ ಗಾಯಕರ ಮುಂದೆ ಕುಳಿತಾಗ ನಾವು ಚೀಟಿ ಬರೆದು ಯಾವ ಹಾಡನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದರ ಬಗ್ಗೆ ಈ ಹೊತ್ತು ನಿಮ್ಮೊಡನೆ ಮಾತನಾಡುತ್ತೇನೆ.

ನಾನು 26 ವರ್ಷಗಳಿಂದ ಈ ಭಾಗದ ವೇದಿಕೆಗಳಿಗೆ ಧ್ವನಿವರ್ಧಕ ಜೋಡಿಸಿ, ಧ್ವನಿಗಳನ್ನು ಹದಗೊಳಿಸುವ ಮಿಕ್ಸರಿನ ಮುಂದೆ ಕುಳಿತುಕೊಳ್ಳುತ್ತಿರುವವನು. ಸಭೆಯಿಂದ ಬರುವ ಕೋರಿಕೆಯ ಚೀಟಿಗಳು ಮೊದಲು ನನ್ನ ಮೇಜಿಗೆ ಬರುತ್ತವೆ, ಅಲ್ಲಿಂದ ವೇದಿಕೆಗೆ ಹೋಗುತ್ತವೆ. ಇಷ್ಟು ವರ್ಷ ಆ ಚೀಟಿಗಳನ್ನು ಓದಿದವನಾಗಿ ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಗಾಯಕರು ಹೇಗೂ ಹಾಡಲಿರುವ ಹಾಡನ್ನು ಕೇಳಬೇಡಿ. ನೀವು ಕೇಳದೆ ಹೋದರೆ ಆ ರಾತ್ರಿ ಅವರು ಹಾಡದೆ ಹೋಗಬಹುದಾದ ಹಾಡನ್ನು ಕೇಳಿ. ಈ ಮಾತನ್ನು ಇಂದು ಮೂರು ನಾಲ್ಕು ಸಲ ಹೇಳುತ್ತೇನೆ, ದಯವಿಟ್ಟು ಬೇಸರಿಸಬಾರದು.

ಕೋರಿಕೆ ಎಂಬುದು ನಮಗೆ ಹೊಸತಲ್ಲ. ರೇಡಿಯೋಗೆ ಅಂಚೆ ಕಾರ್ಡು ಬರೆದು, ಮನೆಮಂದಿಯ ಹೆಸರನ್ನೆಲ್ಲ ಸೇರಿಸಿ, ಮೆಚ್ಚಿನ ಚಿತ್ರಗೀತೆಗಾಗಿ ಕಾದು ಕುಳಿತವರು ಇಂದು ಈ ಮಾತು ಕೇಳುತ್ತಿರುವವರಲ್ಲೂ ಇದ್ದೀರಿ. ಜಾರ್ಖಂಡಿನ ಝುಮ್ರಿ ತಿಲೈಯಾ ಎಂಬ ಪುಟ್ಟ ಊರು ದೇಶಕ್ಕೆಲ್ಲ ಪರಿಚಯವಾದದ್ದೇ ಅಲ್ಲಿಂದ ರೇಡಿಯೋಗೆ ಬರುತ್ತಿದ್ದ ಕೋರಿಕೆಯ ಪತ್ರಗಳಿಂದ. ಆದರೆ ಧ್ವನಿಮುದ್ರಿಕೆಗೆ ಆಯಾಸವಿಲ್ಲ, ಗಂಟಲಿಲ್ಲ, ಮರೆವಿಲ್ಲ. ಒಂದೇ ಹಾಡನ್ನು ಸಾವಿರ ಜನ ಕೇಳಿದರೂ ಅದು ಮೊದಲ ದಿನದ ಹಾಗೆಯೇ ನುಡಿಯುತ್ತದೆ. ವೇದಿಕೆಯ ಮೇಲಿರುವುದು ಮನುಷ್ಯ. ಆತ ನಿನ್ನೆ ಹುಬ್ಬಳ್ಳಿಯಲ್ಲಿ ಹಾಡಿ, ರಾತ್ರಿಯಿಡೀ ಘಾಟಿ ಇಳಿದು, ಮಧ್ಯಾಹ್ನ ನಮ್ಮ ಸೆಕೆಯಲ್ಲಿ ಸೌಂಡ್ ಚೆಕ್ ಮುಗಿಸಿ ನಿಂತಿರುತ್ತಾನೆ. ಅವನ ಕಾಲ ಬುಡದಲ್ಲಿ ಅಂದಿನ ಹಾಡುಗಳ ಪಟ್ಟಿಯನ್ನು ಟೇಪಿನಿಂದ ಅಂಟಿಸಿರುತ್ತಾರೆ. ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ಹದಿನೈದು ಹಾಡು ಹಿಡಿಸಿದರೆ ಅದೇ ಹೆಚ್ಚು. ಆ ಪಟ್ಟಿಯ ಕೊನೆಯಲ್ಲಿ ಇರುವುದು ನೀವೆಲ್ಲ ಮೊದಲ ಹತ್ತು ನಿಮಿಷದಿಂದಲೇ ಕೂಗತೊಡಗುವ ಹಾಡು. ಅದನ್ನು ಹಾಡದೆ ಅವರು ವೇದಿಕೆ ಇಳಿಯುವುದಿಲ್ಲ. ಮತ್ತೆ ಅದನ್ನು ಏಕೆ ಕೇಳುತ್ತೀರಿ?

ಇನ್ನೊಂದು ವಿಷಯವಿದೆ. ಫೋಕ್ ರಾಕಿನಲ್ಲಿ ಹಾಡಿನ ಹೆಸರು ಹೇಳಿದ ಮಾತ್ರಕ್ಕೆ ಹಾಡು ಯಾವುದೆಂದು ಗೊತ್ತಾಗುವುದಿಲ್ಲ. ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ತತ್ವಪದಗಳನ್ನು ಉತ್ತರ ಕರ್ನಾಟಕದ ಭಜನಾ ಮಂಡಳಿಗಳು ಏಕತಾರಿ, ದಮ್ಮಡಿಯ ಜೊತೆಗೆ ಹಾಡುತ್ತ ಬಂದಿವೆ. ಸಿ. ಅಶ್ವತ್ಥ್ ಅವರು ಅವೇ ಪದಗಳನ್ನು ತಮ್ಮ ಧಾಟಿಯಲ್ಲಿ ಮನೆಮನೆಗೆ ಮುಟ್ಟಿಸಿದರು. 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನಲ್ಲಿಯೂ ಶರೀಫರ ಪದಗಳಿವೆ, ಗಿಟಾರ್ ಮತ್ತು ಡ್ರಮ್ಸಿನ ಜೊತೆಗೆ ಬೇರೆಯದೇ ನಡೆಯಲ್ಲಿ. ಸಾಹಿತ್ಯ ಒಂದೇ, ಹಾಡು ಮೂರು. ಗಿಟಾರಿನ ಗಾಯಕರ ಎದುರು ಕುಳಿತು ಅಶ್ವತ್ಥರ ಧಾಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೋರಿಕೆ ಬರೆದವರು, ಹಾಡು ಆರಂಭವಾದೊಡನೆ ಮುಖ ಸಣ್ಣದು ಮಾಡಿಕೊಂಡು ಕುಳಿತದ್ದನ್ನು ನಾನು ನೋಡಿದ್ದೇನೆ. ತಪ್ಪು ಗಾಯಕರದಲ್ಲ. ಕನ್ನಡದಲ್ಲಿ ಆಲಿಸುವುದಕ್ಕೂ ಕೇಳುವುದೆನ್ನುತ್ತೇವೆ, ಬೇಡುವುದಕ್ಕೂ ಕೇಳುವುದೆನ್ನುತ್ತೇವೆ. ಅವರ ಹಾಡನ್ನು ಅವರ ಕಂಠದಲ್ಲಿ ಮೊದಲು ಕೇಳಿ, ಆಮೇಲೆ ಕೇಳಿ.

ತಾವೇ ಬರೆದು, ರಾಗ ಹಾಕಿ, ಹಾಡುವ ಪರಂಪರೆ ನಮ್ಮ ಊರಿಗೂ ಹಳೆಯದು. ಕೊಂಕಣಿಯಲ್ಲಿ ವಿಲ್ಫಿ ರೆಬಿಂಬಸ್ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು, ಜನ ಅವರನ್ನು ಕೊಂಕಣ ಕೋಗಿಲೆ ಎಂದು ಕರೆದರು. ಚೀಟಿ ಕಳುಹಿಸುವ ಕ್ರಮವನ್ನಂತೂ ನಮಗೆ ಯಕ್ಷಗಾನದ ಹಾಡುಗಳನ್ನಷ್ಟೇ ಹಾಡುವ ಗಾನವೈಭವಗಳೇ ಕಲಿಸಿವೆ. ಅಲ್ಲಿ ಪದ್ಯ ಕೇಳುವವರು ಎಷ್ಟು ಸೊಗಸಾಗಿ ಕೇಳುತ್ತಾರೆ ನೋಡಿ: ಪ್ರಸಂಗದ ಹೆಸರು, ಸಂದರ್ಭ, ಪದ್ಯದ ಮೊದಲ ಸಾಲು, ಕೆಲವರು ರಾಗವನ್ನೂ ಬರೆಯುತ್ತಾರೆ. ಹಾಡುವ ಭಾಗವತರ ಶ್ರುತಿ ಯಾವುದು, ಅವರು ಕಪ್ಪು ಎರಡರಲ್ಲಿ ಹಾಡುವವರೋ ಬಿಳಿ ನಾಲ್ಕರಲ್ಲಿ ಹಾಡುವವರೋ ಎಂಬುದೂ ಅವರಿಗೆ ಗೊತ್ತಿರುತ್ತದೆ. ಅದೇ ಜನರು ಗಿಟಾರ್ ಕಂಡೊಡನೆ ಎದ್ದು ನಿಂತು ಬರೇ ಕೂಗುವುದೇಕೆಂದು ನನಗೆ ಅರ್ಥವಾಗುವುದಿಲ್ಲ.

ಇಲ್ಲಿ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸುಮಾರು ಹತ್ತು ವರ್ಷಗಳ ಹಿಂದೆ, ಜನವರಿ ತಿಂಗಳಲ್ಲಿ, ಉಡುಪಿಯ ಹತ್ತಿರದ ಒಂದು ಮೈದಾನದಲ್ಲಿ ಇಂಥದೇ ಗಾಯಕರೊಬ್ಬರ ಕಾರ್ಯಕ್ರಮವಿತ್ತು. ಅವರ ಅನುಮತಿ ಪಡೆದಿಲ್ಲವಾದ್ದರಿಂದ ಹೆಸರು ಹೇಳುವುದಿಲ್ಲ. ಕೋರಿಕೆಗಳಿಗಾಗಿ ನನ್ನ ಮೇಜಿನ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ಇಟ್ಟಿದ್ದೆವು. ಅರ್ಧ ಕಾರ್ಯಕ್ರಮವಾಗುವಷ್ಟರಲ್ಲಿ 63 ಚೀಟಿಗಳು ಬಂದವು. ನಾನು ಎಣಿಸಿದ್ದೇನೆ, ಅವುಗಳಲ್ಲಿ 41 ಒಂದೇ ಹಾಡಿಗೆ, ಅಂದರೆ ಪಟ್ಟಿಯ ಕೊನೆಯಲ್ಲಿ ಆಗಲೇ ಇದ್ದ ಹಾಡಿಗೆ. ಡಬ್ಬಿಯ ತಳದಲ್ಲಿ ಮಾತ್ರ ಬೇರೆ ಬಗೆಯ ಕಾಗದವೊಂದಿತ್ತು. ಅದು ಮಲ್ಪೆಯ ಐಸ್ ಪ್ಲಾಂಟೊಂದರ ಬಿಲ್ಲು. ಒದ್ದೆಯಾಗಿ ಒಣಗಿದ್ದರಿಂದ ಅಂಚುಗಳು ಸುರುಟಿಕೊಂಡಿದ್ದವು, ಹಿಂಬದಿಯಲ್ಲಿ ನೀಲಿ ಶಾಯಿಯ ಅಕ್ಷರಗಳು ಅಲ್ಲಲ್ಲಿ ಹರಡಿದ್ದವು. ನಿರೂಪಕರು ಅದನ್ನು ಕಸವೆಂದು ತಿಳಿದು ಕೆಳಗೆ ಹಾಕುವುದರಲ್ಲಿದ್ದರು. ನಾನು ತಡೆದು ಬೆಳಕಿಗೆ ಹಿಡಿದು ಓದಿದೆ: "ಬಾವಿ ತೋಡುವವರ ಹಾಡು. ಮೂರನೇ ಚರಣ ಬಿಡಬೇಡಿ. ನೀರು ಸಿಗುವುದು ಅದರಲ್ಲಿ."

ಆ ಹಾಡು ಅವರ ಮೊದಲ ಸಿ.ಡಿ.ಯ ಕೊನೆಯಲ್ಲಿದೆ. ಮೊದಲ ಚರಣದಲ್ಲಿ ಕೆಂಪು ಮಣ್ಣು, ಎರಡನೆಯದರಲ್ಲಿ ಬಂಡೆ. ಮೂರನೆಯ ಚರಣ ತಾಳವಿಲ್ಲದೆ ನಿಧಾನವಾಗಿ ಸಾಗುವುದರಿಂದ ವೇದಿಕೆಯಲ್ಲಿ ಅದನ್ನು ಬಿಟ್ಟು ಎರಡಕ್ಕೇ ಮುಗಿಸುವುದು ಅವರಿಗೆ ಅಭ್ಯಾಸವಾಗಿತ್ತು, ಆಮೇಲೆ ಹಾಡನ್ನೇ ಬಿಟ್ಟಿದ್ದರು. ಚೀಟಿ ಮೇಲೆ ಹೋಯಿತು. ಅವರು ಓದಿದರು, ತಿರುಗಿಸಿ ಬಿಲ್ಲನ್ನೂ ನೋಡಿದರು, ಮತ್ತೆ ಓದಿದರು. ಬಳಿಕ ಡ್ರಮ್ಸಿನವರಿಗೂ ಬೇಸ್ ಗಿಟಾರಿನವರಿಗೂ ಕೈಸನ್ನೆ ಮಾಡಿ ಕೆಳಗೆ ಕಳುಹಿಸಿದರು. ನಾನು ಮಿಕ್ಸರಿನಲ್ಲಿ ಅವರಿಬ್ಬರ ಸದ್ದು ಏರಿಳಿಸುವ ಫೇಡರುಗಳನ್ನು ಪೂರ್ತಿ ಕೆಳಗಿಳಿಸಿದೆ. ಆ ಹಾಡಿಗೆ ಗಿಟಾರಿನ ಅತಿ ದಪ್ಪ ತಂತಿಯನ್ನು ಒಂದು ಪೂರ್ಣ ಸ್ವರದಷ್ಟು ಸಡಿಲಿಸಿ ಶ್ರುತಿ ಮಾಡಬೇಕು. ನಮ್ಮ ಕಡಲ ಗಾಳಿಗೆ ತಂತಿ ಬೆವರಿದ ಹಾಗಿರುತ್ತದೆ, ಮರ ಉಬ್ಬುತ್ತದೆ, ಶ್ರುತಿ ಬೇಗ ನಿಲ್ಲುವುದಿಲ್ಲ. ಅವರು ಎರಡು ನಿಮಿಷ ತಂತಿ ತಿರುವುತ್ತ ನಿಂತರು. ಆ ಎರಡು ನಿಮಿಷವೂ ಮುಂದಿನ ಸಾಲಿನ ಹುಡುಗರು ಕೊನೆಯ ಹಾಡಿಗಾಗಿ ಕೂಗುತ್ತಲೇ ಇದ್ದರು, ಮೊದಲ ಚರಣದ ನಡುವೆಯೂ ಕೂಗಿದರು. ಬಂಡೆ ಬರುವ ಹೊತ್ತಿಗೆ ನಿಲ್ಲಿಸಿದರು.

ಮೂರನೆಯ ಚರಣದ ಮೊದಲ ಸಾಲು ಹಾಡಿ ಗಾಯಕರು ನಿಂತುಬಿಟ್ಟರು. ಎಷ್ಟೋ ವರ್ಷಗಳಿಂದ ಹಾಡದ ಸಾಲುಗಳು ಮರೆತುಹೋಗಿದ್ದವು. ಗಿಟಾರ್ ಮೀಟುತ್ತಲೇ ಇದ್ದರು, ಆದರೆ ಮಾತು ಬರಲಿಲ್ಲ. ಆಗ ವೇದಿಕೆಯ ಹಿಂಬದಿಯಿಂದ, ಜನರೇಟರ್ ಇದ್ದ ಕಡೆಯಿಂದ, ಯಾರೋ ಆ ಸಾಲನ್ನು ಹಾಡದೆ ಬರೇ ಮಾತಿನ ಹಾಗೆ ಗಟ್ಟಿಯಾಗಿ ಹೇಳಿದರು. ಗಾಯಕರು ಅದನ್ನು ಹಿಡಿದು ಹಾಡಿದರು. ಅಲ್ಲಿಂದ ಮುಂದಿನ ಸಾಲು ಬಂತು, ಇವರು ಹಾಡಿದರು. ಚರಣ ಮುಗಿಯುವವರೆಗೂ ಹಾಗೆಯೇ ನಡೆಯಿತು, ಮೇಳದಲ್ಲಿ ಹಳಬರು ಹೊಸ ವೇಷಧಾರಿಗೆ ಮರೆಯಿಂದ ಮಾತು ಎತ್ತಿಕೊಟ್ಟ ಹಾಗೆ.

ಕಾರ್ಯಕ್ರಮ ಮುಗಿದು ವಯರು ಸುತ್ತುವಾಗ ಜನರೇಟರಿನ ಮನುಷ್ಯ ನನ್ನ ಬಳಿ ಬಂದರು. "ಅದು ನಂದೇ ಚೀಟಿ ಮಾರಾಯ್ರೆ" ಎಂದರು. ಹಗಲು ಐಸ್ ಪ್ಲಾಂಟಿನಲ್ಲಿ ಮೋಟಾರು ರಿಪೇರಿ, ರಾತ್ರಿ ಬಾಡಿಗೆ ಜನರೇಟರ್ ನೋಡಿಕೊಳ್ಳುವುದು ಅವರ ಕೆಲಸ. ಸಣ್ಣವರಿದ್ದಾಗ ತಂದೆಯ ಜೊತೆಗೆ ಬಾವಿ ತೋಡುವಲ್ಲಿಗೆ ಹೋಗಿ ಮೇಲಿನಿಂದ ಮಣ್ಣಿನ ಬುಟ್ಟಿ ಎಳೆಯುತ್ತಿದ್ದರಂತೆ. "ಎರಡನೇ ಚರಣಕ್ಕೆ ನಿಲ್ಲಿಸಿದರೆ ಅಪ್ಪ ಬಾವಿಯೊಳಗೇ ಉಳಿದ ಹಾಗೆ ಆಗ್ತದೆ" ಎಂದರು. ಅಷ್ಟರಲ್ಲಿ ಗಾಯಕರೇ ಅಲ್ಲಿಗೆ ಬಂದು, ಅವರನ್ನು ಕೂರಿಸಿಕೊಂಡು, ಮೂರನೆಯ ಚರಣವನ್ನು ತಮ್ಮ ಪುಸ್ತಕದಲ್ಲಿ ಸಾಲು ಸಾಲಾಗಿ ಬರೆದುಕೊಂಡರು. ತಮ್ಮ ಹಾಡನ್ನು ತಾವೇ ಬರೆದುಕೊಂಡರು, ಗಮನಿಸಿ. ಐಸ್ ಪ್ಲಾಂಟಿನ ಬಿಲ್ಲನ್ನು ಕೇಳಿ ಪಡೆದು ಗಿಟಾರಿನ ಪೆಟ್ಟಿಗೆಯೊಳಗೆ ಇಟ್ಟುಕೊಂಡರು. ಮುಂದಿನ ವರ್ಷ ಮಂಗಳೂರಿಗೆ ಬಂದಾಗ ಅವರ ಕಾಲಬುಡದ ಪಟ್ಟಿಯಲ್ಲಿ ಆ ಹಾಡು ನಾಲ್ಕನೆಯದಾಗಿತ್ತು. ಆ 41 ಚೀಟಿಗಳಿಂದ ಏನಾಯಿತು? ಏನೂ ಆಗಲಿಲ್ಲ, ಆ ಹಾಡು ಹೇಗೂ ಇತ್ತು. ಆದ್ದರಿಂದಲೇ ಮತ್ತೊಮ್ಮೆ ಹೇಳುತ್ತೇನೆ, ನೀವು ಕೇಳದಿದ್ದರೆ ಹಾಡದ ಹಾಡನ್ನು ಕೇಳಿ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ, ಉಳಿದ ವಿಷಯಗಳನ್ನು ಬೇಗ ಬೇಗ ಹೇಳುತ್ತೇನೆ. ಮೊದಲನೆಯದಾಗಿ, ವಾದ್ಯಕ್ಕೂ ಒಂದು ಮಿತಿಯಿದೆ ಎಂಬುದನ್ನು ನೆನಪಿಡಿ. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದಾಗ ಸಭೆಯಲ್ಲಿ ಗದ್ದಲವಾಯಿತು. ಅವರು ಒಳಗೆ ಹೋಗಿ ವಿದ್ಯುತ್ ಬೇಡದ ಮರದ ಗಿಟಾರ್ ಹಿಡಿದು ಮರಳಿ ಬಂದರು. ಗಿಟಾರಿನ ಜೊತೆಗೆ ಅವರು ಮೌತ್ ಆರ್ಗನ್ನನ್ನೂ ನುಡಿಸುವವರು, ಆದರೆ ಮೌತ್ ಆರ್ಗನ್ ಒಂದೊಂದೂ ಒಂದೊಂದು ಶ್ರುತಿಯದು. ಬೇಕಾದ ಶ್ರುತಿಯದು ಕೈಯಲ್ಲಿಲ್ಲದೆ ಸಭೆಯನ್ನೇ ಕೇಳಿದರು, ಜನರು ತಮ್ಮ ಜೇಬಿನಿಂದ ತೆಗೆದು ವೇದಿಕೆಗೆ ಎಸೆದರು. ನಮ್ಮಲ್ಲಿ ಜೇಬಿನಲ್ಲಿ ಮೌತ್ ಆರ್ಗನ್ ಇಟ್ಟುಕೊಂಡು ಬರುವವರು ಕಡಿಮೆ. ಆದುದರಿಂದ ಗಾಯಕರು ಇಂದು ಆ ಹಾಡು ಆಗುವುದಿಲ್ಲ ಎಂದರೆ ನಂಬಿ.

ಎರಡನೆಯದು, ಕೂಗಬೇಡಿ. ಕೂಗಿದ್ದು ವೇದಿಕೆಗೆ ಕೇಳಿಸುವುದಿಲ್ಲ, ಡ್ರಮ್ಸ್ ನುಡಿಯುವಾಗ ಅವರ ಕಿವಿಗೆ ಅವರೆಡೆಗೇ ತಿರುಗಿಸಿಟ್ಟ ಧ್ವನಿವರ್ಧಕದ, ಅಂದರೆ ಮಾನಿಟರಿನ, ಸದ್ದು ಬಿಟ್ಟರೆ ಹೆಚ್ಚೇನೂ ಬೀಳುವುದಿಲ್ಲ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಅಭಿಮಾನಿಗಳು ಹಾಡಿನ ಹೆಸರನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಎತ್ತಿ ಹಿಡಿಯುತ್ತಾರೆ, ಗಾಯಕರು ಆ ರಟ್ಟುಗಳನ್ನೇ ಸಂಗ್ರಹಿಸಿ ಅವುಗಳಿಂದ ಹಾಡು ಆರಿಸಿ ಹಾಡಿದ್ದುಂಟು. ಆ ಕ್ರಮವೂ ಒಳ್ಳೆಯದೇ, ಹಿಂದೆ ಕುಳಿತವರಿಗೆ ಮರೆಯಾಗದಿದ್ದರೆ ಸಾಕು.

ಮೂರನೆಯದನ್ನು ನಮ್ಮ ಊರಿನವರಿಗೇ ಹೇಳಬೇಕು. ಯಾವ ಗಾಯಕರು ಬಂದರೂ "ಒಂಜಿ ತುಳು ಪದ ಪನ್ಲೆ", ಒಂದು ತುಳು ಹಾಡು ಹೇಳಿ, ಎಂದು ಕೇಳುವುದು ನಮ್ಮ ವಾಡಿಕೆ. ಪ್ರೀತಿಯಿಂದಲೇ ಕೇಳುತ್ತೇವೆ, ನನಗೆ ಗೊತ್ತು. ಆದರೆ ತುಳು ಬಾರದವರು ಎಲ್ಲೋ ಕೇಳಿದ ಎರಡು ಸಾಲನ್ನು ತಪ್ಪು ತಪ್ಪಾಗಿ ಹಾಡಿ ಚಪ್ಪಾಳೆ ಪಡೆದರೆ ನಮ್ಮ ಭಾಷೆಗೂ ಅವರಿಗೂ ನ್ಯಾಯವಾಗುವುದಿಲ್ಲ. ಆ ಐದು ನಿಮಿಷದಲ್ಲಿ ಅವರದೇ ಒಂದು ಅಪರೂಪದ ಹಾಡು ಆಗುತ್ತಿತ್ತು.

ಕೊನೆಯದಾಗಿ ಗಡಿಯಾರ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಿಶೇಷ ಅನುಮತಿ ಇಲ್ಲದೆ ಬಯಲಿನಲ್ಲಿ ರಾತ್ರಿ 10ರ ಬಳಿಕ ಧ್ವನಿವರ್ಧಕ ಬಳಸುವಂತಿಲ್ಲ. ಒಂಬತ್ತೂಮುಕ್ಕಾಲಿಗೆ ಬಂದ ಚೀಟಿಯನ್ನು ನಾನು ಮೇಲೆ ಕಳುಹಿಸುವುದೇ ಇಲ್ಲ. ಕಾರ್ಯಕ್ರಮ ಆರಂಭವಾಗುವ ಮೊದಲೇ ಮಿಕ್ಸರಿನ ಹತ್ತಿರ ಕುಳಿತವರ ಕೈಗೆ ಕೊಡಿ. ಒಬ್ಬರು ಒಂದೇ ಹಾಡು ಬರೆಯಿರಿ. ಯಾವ ಆಲ್ಬಮ್ಮಿನದು, ಮೊದಲ ಸಾಲು ಯಾವುದು, ಏಕೆ ಬೇಕು ಎಂಬುದನ್ನು ಎರಡು ಸಾಲಿನಲ್ಲಿ, ವೇದಿಕೆಯ ಬಣ್ಣದ ಬೆಳಕಿನಲ್ಲೂ ಓದಲಾಗುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕೆಂಪು ಶಾಯಿ ಬೇಡ, ಕೆಂಪು ಬೆಳಕಿನಲ್ಲಿ ಅದು ಕಾಣಿಸುವುದೇ ಇಲ್ಲ. ನಿಮ್ಮ ಹೆಸರು ಬರೆಯದಿದ್ದರೂ ಊರಿನ ಹೆಸರು ಬರೆಯಿರಿ, ಗಾಯಕರು ಅದನ್ನು ಓದಿ ಹೇಳಲು ಇಷ್ಟಪಡುತ್ತಾರೆ.

ಅವಕಾಶ ಕೊಟ್ಟ ಆಕಾಶವಾಣಿಗೆ ಕೃತಜ್ಞತೆಗಳು. ನಮಸ್ಕಾರ.