ಕಾಲು ಬ್ರೇಕಿನ ಮೇಲಿರಲಿ

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಅದರಲ್ಲೂ ಸ್ಟೇರಿಂಗ್ ಹಿಡಿದು ಸಂಸಾರ ಸಾಗಿಸುವ ಅಣ್ಣತಮ್ಮಂದಿರಿಗೆ. ನಾನು ಶಿವಾಜಿನಗರ ಕೋರ್ಟಿನಲ್ಲಿ ವಾಹನದ ಕೇಸುಗಳನ್ನೇ ನಡೆಸುವವಳು. ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಜನ ಗಾಡಿ ಅಡ್ಡಗಟ್ಟಿದರೆ ಕಾಲು ಬ್ರೇಕಿನ ಮೇಲಿರಲಿ.

ಗಡಿ ಗಲಾಟೆ ಎದ್ದಾಗ ಏನಾಗುತ್ತದೆ, ನಿಮಗೇ ಗೊತ್ತು. 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಹತ್ತಿರ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಇಲ್ಲಿ ಸ್ವಾರಗೇಟ್‌ನಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ ಬಿತ್ತು. ಎರಡೂ ಕಡೆ ಸಿಕ್ಕಿಹಾಕಿಕೊಂಡವನು ಡ್ರೈವರ್.

ಅಂಥದೇ ಒಂದು ದಿನ ವಿಜಯಪುರ ಕಡೆಯ ಹುಡುಗನೊಬ್ಬ ಟೆಂಪೋ ತಂದಿದ್ದ. ನಂಬರ್ ಪ್ಲೇಟ್ ಕೆಎ 28. ಹತ್ತು ಹನ್ನೆರಡು ಜನ ಸುತ್ತುವರಿದರು. ಘೋಷಣೆ ಕೂಗಿದರು, ಗಾಜಿಗೆ ಬಣ್ಣ ಬಳಿದರು. ಇವನು ಹಾರ್ನ್ ಒತ್ತಿದ. ಅವರು ಬಾನೆಟ್ ಬಡಿದರು. ಇವನು ಆಕ್ಸಿಲರೇಟರ್ ಒತ್ತಿಬಿಟ್ಟ. ಚಕ್ರದಡಿ ಸಿಕ್ಕಿದ್ದು ಘೋಷಣೆ ಕೂಗಿದವನ ಕಾಲಲ್ಲ, ಚಹಾದ ಗ್ಲಾಸು ಹಿಡಿದು ನೋಡುತ್ತಾ ನಿಂತಿದ್ದ ಹೋಟೆಲ್ ಹುಡುಗನದು. "ಮೇಡಮ್ಮಾರ, ಅಂಜಿಕಿ ಬಂತ್ರಿ, ಕಾಲು ತಾನ ಒತ್ತಿತ್ರಿ" ಅಂತ ನನ್ನೆದುರು ಅತ್ತ. ಅವನು ಹೆದರಿದ್ದು ನಿಜ. ಆದರೆ ಯಾರೋ ತೆಗೆದ ಮೊಬೈಲ್ ವಿಡಿಯೋ ಇತ್ತು. ಹತ್ತು ಸಲ ನೋಡಿದೆ. ಗಾಜು ಒಡೆದಿರಲಿಲ್ಲ. ಬಾಗಿಲು ಹಾಕಿತ್ತು. ಯಾರ ಕೈಯಲ್ಲೂ ಕಲ್ಲಿಲ್ಲ. ಕೋರ್ಟ್ ಕೇಳುವುದೂ ಅದನ್ನೇ: ಗಾಡಿ ಮುಂದೆ ಹೋಗುವ ಆ ಗಳಿಗೆಯಲ್ಲಿ ನಿನ್ನ ಜೀವಕ್ಕೆ ಏನು ಅಪಾಯವಿತ್ತು? ಕೇಸು ಇನ್ನೂ ನಡೀತಿದೆ. ಆ ಹೋಟೆಲ್ ಹುಡುಗ ಈಗಲೂ ಕುಂಟುತ್ತಾನೆ.

ಗಾಜಿನ ಮೇಲಿನ ಬಣ್ಣ ತೊಳೆದರೆ ಹೋಗುತ್ತೆ, ಅಲ್ವಾ? ಅದಕ್ಕೆ ದೂರು ಕೊಡಿ, ಪರಿಹಾರ ಕೇಳಿ. ಬಣ್ಣಕ್ಕೆ ಉತ್ತರವಾಗಿ ಮನುಷ್ಯನ ಮೇಲೆ ಚಕ್ರ ಹತ್ತಿಸುವಂತಿಲ್ಲ. ಕಾಲು ಬ್ರೇಕಿನ ಮೇಲಿರಲಿ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಗಾಜು ಒಡೆದು ನಿಮ್ಮನ್ನು ಹೊರಗೆಳೆದರೆ, ಬೆಂಕಿ ಹಚ್ಚಲು ಬಂದರೆ, ಅದು ಪ್ರತಿಭಟನೆಯಲ್ಲ, ಹಲ್ಲೆ. ಆಗ ತಪ್ಪಿಸಿಕೊಳ್ಳುವ ಹಕ್ಕು ನಿಮಗಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯದೇ. ಆದರೆ ಬೇಕಾದಷ್ಟೇ ಬಲ, ಜಾಸ್ತಿಯಿಲ್ಲ. ಅಪಘಾತವಾದಾಗ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು ಅನ್ನುವ 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಕೂಡ, ಉದ್ರಿಕ್ತ ಗುಂಪಿನಿಂದ ಅದು ಆಗದಿದ್ದರೆ ವಿನಾಯಿತಿ ಕೊಡುತ್ತದೆ. ಹಾಗಂತ ಊರು ಬಿಟ್ಟು ಓಡಬೇಡಿ. ನೇರ ಪೊಲೀಸ್ ಠಾಣೆಗೆ ಹೋಗಿ.

ಘೋಷಣೆ ಕೂಗುವವರಿಗೂ ಒಂದು ಮಾತು. ಐವರು ಸೇರಿ ಬಲ ಪ್ರಯೋಗಕ್ಕೆ ಇಳಿದರೆ ಅದು ಅಕ್ರಮ ಕೂಟ. ಕಲ್ಲು ಒಬ್ಬನೇ ಎಸೆದರೂ ಕೇಸು ಎಲ್ಲರ ಮೇಲೆ.

ಡ್ರೈವರಣ್ಣಂದಿರೇ, ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ. ಹಾರ್ನ್ ಮಾತ್ರ ಒತ್ತಬೇಡಿ, ದಯವಿಟ್ಟು. 112ಕ್ಕೆ ಫೋನ್ ಮಾಡಿ. ಮರಾಠಿ ಬಾರದಿದ್ದರೆ ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ, ನನ್ನ ಜೊತೆ ಈಗಲೇ ಹೇಳಿ: "ಲೋಕಾಂನೀ ಗಾಡೀ ಅಡವಲೀ ಆಹೇ." ಅಂದರೆ, ಜನ ಗಾಡಿ ಅಡ್ಡಗಟ್ಟಿದ್ದಾರೆ. ಇನ್ನೊಮ್ಮೆ. "ಲೋಕಾಂನೀ ಗಾಡೀ ಅಡವಲೀ ಆಹೇ." ಆಮೇಲೆ ನೀವಿರುವ ಜಾಗದ ಹೆಸರು ಹೇಳಿ. ನಮಸ್ಕಾರ.